ತಂಡೇಲನಿಗೆ ಬಂದ ಫೋನು

ವಾಚಕ ಮಹಾಶಯರೇ, ತಾವು ಈ ಪುಟವನ್ನು ತೆರೆಯುವ ಕ್ಷಣದಲ್ಲಿ ಎನಿಡ್ ಪ್ರೌಟ್ ಎಂಬ ಅವಿವಾಹಿತ ಹೆಂಗಸಿನ ಶವಪೆಟ್ಟಿಗೆಯು ಅವಳದೇ ಮನೆಯ ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತಿದೆಯೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಕಾಲ ಕಡೆಯ ತುದಿಯನ್ನು ಹಿಡಿದವರು ಕೆಳಗಿದ್ದಾರೆ. ತಲೆಯ ಕಡೆಯ ತುದಿಯನ್ನು ಹಿಡಿದವರಲ್ಲಿ ಈ ಕತೆಗಾರನೂ ಒಬ್ಬ.

"ಎತ್ತಿ ಹಿಡಿಯೋ ಜೇಬ್, ಎತ್ತಿ! ಗೋಡೆ ಕೆರೀತಾ ಇದೆ."

"ಎತ್ತೋಕೆ ಸೂರು ಬಿಡಬೇಕಲ್ಲ! ಈ ಮನೆ ಕಟ್ಟಿದೋನು ಇಲ್ಲಿ ಯಾರೂ ಸಾಯೋದೇ ಇಲ್ಲ ಅಂದ್ಕೊಂಡಿದ್ದ ಅಂತ ಕಾಣುತ್ತೆ."

"ಕಟ್ಟಿದ್ದು ನಿಮ್ಮಜ್ಜನೇ ಕಣೋ."

"ಅದಕ್ಕೇ ಹೇಳಿದ್ದು. ಕುಡಿಯದೆ ಇದ್ದ ದಿನ ಅವನು ಕರಣೇನೇ ಮುಟ್ತಿರಲಿಲ್ಲ."

ಕೆಳಗಿನಿಂದ ಜೇಬ್ ಸ್ಮೈಯ ಹೆಂಡತಿ ಆಗ್ನೆಸ್ ಕೂಗಿದಳು: "ಮೆಲ್ಲಗೆ ಇಳಿಸ್ರೋ! ಬದುಕಿದ್ದಾಗ ಒಬ್ಬರನ್ನೂ ಬೈದೋಳಲ್ಲ ಆಯಮ್ಮ. ಈಗ ಬೈಸ್ಕೋಬೇಡಿ."

ಹೀಗೆ ಮಾತನಾಡುತ್ತಲೇ ಪೆಟ್ಟಿಗೆ ತಿರುವನ್ನು ದಾಟಿತು. ಮುಂದಿನ ಕೋಣೆಯಲ್ಲಿ ಎದುರುಬದುರಾಗಿ ಇಟ್ಟಿದ್ದ ಕುರ್ಚಿಗಳ ಮೇಲೆ ಅದನ್ನು ಇರಿಸಿದರು. ಇನ್ನು ಕಡಲ ನೀರಿನ ಇಳಿತಕ್ಕಾಗಿ ಕಾಯುವುದಷ್ಟೇ ಉಳಿದಿತ್ತು.

ಆರ್ಲ್‌ನೆಸ್ ಊರಿನಿಂದ ಚರ್ಚಿಗೆ ಎರಡು ದಾರಿಗಳಿವೆ. ಒಂದು ಕಡಲ ದಂಡೆಯ ದಾರಿ. ನೀರು ಇಳಿದಾಗ ಮಾತ್ರ ನುಣುಗಲ್ಲುಗಳ ಕೆಳಗೆ ಗಟ್ಟಿ ಮರಳು ತೆರೆದುಕೊಳ್ಳುತ್ತದೆ. ಇನ್ನೊಂದು ಊರ ಹಿಂಭಾಗದ ಜವುಗಿನ ನಡುವೆ ಹಾಕಿದ ಕೆಸರಿನ ದಾರಿ. ಮುಳುಗುವವರನ್ನು ರಕ್ಷಿಸುವ ಊರ ದೋಣಿಯಲ್ಲಿ ಹುಟ್ಟು ಹಾಕಿದವರ, ಅವರ ಮನೆಯವರ ಹೆಣ ದಂಡೆಯ ಮೇಲೆ ಹೋಗುತ್ತದೆ, ದೋಣಿಯವರೇ ಹೊರುತ್ತಾರೆ. ಉಳಿದವರೆಲ್ಲ ಜವುಗಿನ ದಾರಿಯಲ್ಲಿ ಹೋಗುತ್ತಾರೆ. ಊರಿನ ನೆನಪಿನಲ್ಲಿ ಈ ಪದ್ಧತಿ ಮುರಿದದ್ದು ಒಂದೇ ಸಲ. ಎಬೆನ್ ಥರ್ಟಲ್ ಎಂಬವನು ದೋಣಿಯ ಮುಖ್ಯಸ್ಥ, ಅಂದರೆ ತಂಡೇಲನಾಗಿದ್ದೂ ಜವುಗಿನ ದಾರಿಯಲ್ಲಿ ಹೋದ. ಅವನ ಹೆಣಕ್ಕೆ ದೋಣಿಯವರಲ್ಲಿ ಒಬ್ಬನೂ ಹೆಗಲು ಕೊಡಲಿಲ್ಲ. ಮಗ ಪರ್ಸಿ ಒಂಟಿಯಾಗಿ ಕೈಗಾಡಿಯ ಮೇಲೆ ತಳ್ಳಿಕೊಂಡು ಹೋದ.

ಆ ಪರ್ಸಿಯೇ ಇಂದು ಪೆಟ್ಟಿಗೆಯ ಮುಂಭಾಗವನ್ನು ಹಿಡಿದವನು. ತಲೆ ಪೂರ್ತಿ ನೆರೆತಿದ್ದರೂ ಹೆಗಲು ಬಾಗಿರಲಿಲ್ಲ. ಎನಿಡ್ ದೋಣಿಯ ಮನೆತನದವಳಲ್ಲ, ಹೊರಗಿನಿಂದ ಬಂದವಳು. ಆದರೂ ಅವಳನ್ನು ದಂಡೆಯ ಮೇಲೆಯೇ ಒಯ್ಯಬೇಕೆಂದು ಹಟ ಹಿಡಿದವನು ಪರ್ಸಿ. ಈಗಿನ ತಂಡೇಲ ಜೇಬ್ ಸ್ಮೈ ಎರಡು ದಿನ ಗೊಣಗಿ ಕೊನೆಗೆ ಒಪ್ಪಿದ್ದ. ಯಾವ ಹವೆಯಲ್ಲಿ ದೋಣಿ ಇಳಿಸಿದರೂ, ಮರಳಿ ಬರುವಾಗ ದಂಡೆಯ ಮೇಲೆ ಬಿಸಿ ಚಹಾದ ದೊಡ್ಡ ಪಾತ್ರೆಯೊಂದಿಗೆ ಎನಿಡ್ ನಿಂತಿರುತ್ತಿದ್ದಳು. ಅದನ್ನು ಇಲ್ಲವೆನ್ನುವ ನಾಲಿಗೆ ಊರಿನಲ್ಲಿರಲಿಲ್ಲ.

"ಈ ಹಿಂದಿನ ಕೋಣೆ ಕಿಟಕಿ ಯಾರು ತೆಗೆದಿಟ್ಟಿದ್ದು? ಚಳಿ ಹೆಂಗೆ ನುಗ್ತಿದೆ!" ಎಂದಳು ಆಗ್ನೆಸ್, ಹಂದಿಮಾಂಸದ ಬ್ರೆಡ್ಡುಗಳನ್ನು ತಟ್ಟೆಗೆ ಜೋಡಿಸುತ್ತ.

"ಅದು ಯಾವಾಗಲೂ ಹಾಗೇ," ಎಂದೆ ನಾನು. ದೋಣಿಗಳಿಗೆ ಟಾರು ಬಳಿಯುವ ಕೆಲಸಕ್ಕೆಂದು ಬಂದು ಆ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಡಲಿಗೆ ಮುಖ ಮಾಡಿದ ಆ ಕಿಟಕಿ ಮುಚ್ಚದಂತೆ ಎನಿಡ್ ಮರದ ಬೆಣೆಯೊಂದನ್ನು ಸಿಕ್ಕಿಸಿದ್ದಳು. ಹಿಮ ಬಿದ್ದ ದಿನವೂ ಅದನ್ನು ಕೀಳಗೊಡಲಿಲ್ಲ.

"ಹುಚ್ಚು," ಎಂದಳು ಆಗ್ನೆಸ್, ಅಕ್ಕರೆಯಿಂದಲೇ.

ಮೂಲೆಯಲ್ಲಿ ಕುಳಿತಿದ್ದ ಅಪರಿಚಿತ ಹೆಂಗಸು ಆಗ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು. ಬೆಳಗಿನ ಬಸ್ಸಿನಲ್ಲಿ ಬಂದವಳು. ಹೆಸರು ಮ್ಯೂರಿಯಲ್ ಟಾಡ್. ಯುದ್ಧದ ಕಾಲದಲ್ಲಿ ಎನಿಡ್ ಜೊತೆ ಕೆಲಸ ಮಾಡಿದವಳೆಂದಷ್ಟೇ ಹೇಳಿಕೊಂಡಿದ್ದಳು. ಕೈಗವಸುಗಳನ್ನು ಇನ್ನೂ ಕಳಚಿರಲಿಲ್ಲ.

"ಮಿಸ್ಟರ್ ಥರ್ಟಲ್," ಎಂದಳು ಅವಳು, "ನಿಮ್ಮ ಹತ್ರ ಒಂದು ಮಾತಾಡಬೇಕು. ಇವಳನ್ನ ಇಲ್ಲಿಂದ ಎತ್ತೋಕೆ ಮುಂಚೆ."

* * *

ಯುದ್ಧದ ಕಾಲದಲ್ಲಿ ಊರಿನ ಉತ್ತರಕ್ಕೆ ಉಕ್ಕಿನ ಗೋಪುರಗಳಿದ್ದವು. ಮೀನುಗಾರರಿಗೆ ಅವು ದಾರಿ ಗುರುತಿಸಲು ಅನುಕೂಲವಾಗಿದ್ದವು. ಅವುಗಳ ಉಪಯೋಗ ಬೇರೇನೆಂದು ಯಾರೂ ಕೇಳಕೂಡದಾಗಿತ್ತು. ಗೋಪುರಗಳ ಬುಡದಲ್ಲಿ ಮಣ್ಣು ಮುಚ್ಚಿದ ಗುಡಿಸಲಿನೊಳಗೆ, ಇಪ್ಪತ್ತು ದಾಟದ ಹುಡುಗಿಯರು ಪಾಳಿಯ ಮೇಲೆ ಕುಳಿತು ಗಾಜಿನ ಮೇಲಿನ ಹಸಿರು ಗೆರೆಯೊಂದನ್ನು ನೋಡುತ್ತಿದ್ದರು. ಕಡಲಿನಾಚೆ ವಿಮಾನವೊಂದು ಎದ್ದರೆ ಆ ಗೆರೆಯಲ್ಲಿ ಸಣ್ಣ ಹಲ್ಲೊಂದು ಮೂಡುತ್ತಿತ್ತು. ಹಲ್ಲು ಎಲ್ಲಿ ಮೂಡಿತೋ ಅದರಿಂದ ದೂರ ತಿಳಿಯುತ್ತಿತ್ತು. ಕೈಯ ತಿರುಪನ್ನು ತಿರುಗಿಸಿ ಆ ಹಲ್ಲು ಕರಗುವಂತೆ ಮಾಡಿದರೆ ದಿಕ್ಕು ತಿಳಿಯುತ್ತಿತ್ತು.

ಆದರೆ ಆ ರೇಡಾರ್ ಯಂತ್ರಕ್ಕೆ ಒಂದು ಕುರುಡು ಇತ್ತು. ಅದು ದಿಕ್ಕಿನ ರೇಖೆಯನ್ನು ಹೇಳುತ್ತಿತ್ತೇ ಹೊರತು, ಆ ರೇಖೆಯ ಯಾವ ತುದಿ ಎಂಬುದನ್ನು ಹೇಳುತ್ತಿರಲಿಲ್ಲ. ವಿಮಾನ ಮುಂದಿನ ಕಡಲಿನ ಮೇಲಿದ್ದರೂ, ಹಿಂದಿನ ನೆಲದ ಮೇಲಿದ್ದರೂ ಉತ್ತರ ಒಂದೇ. ಆದುದರಿಂದ ಪ್ರತಿಸಲವೂ ಗುಂಡಿಯೊಂದನ್ನು ಒತ್ತಿ ಹಲ್ಲು ಬೆಳೆಯಿತೋ ಕುಗ್ಗಿತೋ ನೋಡಿ, ಮುಂದೆ ಅಥವಾ ಹಿಂದೆ ಎಂದು ಹೇಳಬೇಕಾಗಿತ್ತು.

ಒಂದು ಚಳಿಗಾಲದ ಮುಸ್ಸಂಜೆ ಮಂಜು ಕವಿದಿತ್ತು. ಒಳನಾಡಿನ ನೆಲೆಗಳಿಂದ ನಮ್ಮವೇ ವಿಮಾನಗಳು ಒಂದಾದ ಮೇಲೊಂದು ಏಳುತ್ತಿದ್ದವು. ಗಾಜಿನ ಮುಂದೆ ಎನಿಡ್. ಪಕ್ಕದಲ್ಲಿ ಫೋನು ಹಿಡಿದು ಮ್ಯೂರಿಯಲ್. ಎನಿಡ್ ತಿರುಪು ತಿರುಗಿಸಿದಳು, ಗುಂಡಿ ಒತ್ತಿದಳು, "ಹಿಂದೆ" ಎಂದಳು. ಮತ್ತೆ ತಿರುಗಿಸಿದಳು, ಒತ್ತಿದಳು, "ಹಿಂದೆ" ಎಂದಳು. ಎಷ್ಟು ಸಲವೆಂದು ಲೆಕ್ಕವಿಲ್ಲ. ಹಿಂದೆ, ಹಿಂದೆ, ಹಿಂದೆ.

ಅಷ್ಟರಲ್ಲಿ ಹೊಸ ಹಲ್ಲೊಂದು ಮೂಡಿತು. ಅದು ಬಿಟ್ಟುಬಿಟ್ಟು ಅಗಲವಾಗಿ ಉಬ್ಬುತ್ತಿತ್ತು. ನಮ್ಮ ವಿಮಾನ, ಅಪಾಯದಲ್ಲಿದೆ ಎಂಬುದಕ್ಕೆ ಅದು ಗುರುತು.

"ಎಲ್ಲಿ? ಬೇಗ ಹೇಳು ಪ್ರೌಟ್!" ಎಂದ ಮೇಲಧಿಕಾರಿ, ಬೆನ್ನ ಹಿಂದಿನಿಂದ.

ಬೆರಳು ಗುಂಡಿಯ ಮೇಲೆಯೇ ಇತ್ತು. ಬಾಯಿ ಬೆರಳಿಗಿಂತ ಮುಂಚೆ ಹೊರಟಿತು.

"ಹಿಂದೆ," ಎಂದಳು ಎನಿಡ್.

"ಹಿಂದೆ," ಎಂದಳು ಫೋನಿನಲ್ಲಿ ಮ್ಯೂರಿಯಲ್.

ಹಲ್ಲು ಗಿಡ್ಡವಾಯಿತು. ಇನ್ನಷ್ಟು ಗಿಡ್ಡವಾಯಿತು. ಆಮೇಲೆ ಗೆರೆ ನೀರಿನಂತೆ ಸಮವಾಗಿತ್ತು. ಲಾಂದ್ರ ಹಿಡಿದ ಸಿಪಾಯಿಗಳು ಜವುಗಿನಲ್ಲಿ ಬೆಳಗಿನವರೆಗೆ ಹುಡುಕಿದರು.

ಬೆಳಿಗ್ಗೆ ಹಾಲು ತಂದವನು ಕಾವಲುಗಾರನಿಗೆ ಹೇಳಿದ: ದಂಡೆಗೆ ಹುಡುಗರು ಬಂದು ಬಿದ್ದಿದ್ದಾರೆ, ವಾಯುಪಡೆಯವರು. ತೇಲುಗವಚ ಕಟ್ಟಿಕೊಂಡಿದ್ದರು, ಮುಳುಗಿ ಸತ್ತವರಲ್ಲ, ಚಳಿಗೆ ಸತ್ತವರು. ಕೊರಳಪಟ್ಟಿಗೆ ಕಟ್ಟಿಕೊಂಡ ಸೀಟಿ ಒಬ್ಬನ ಹಲ್ಲುಗಳ ನಡುವೆ ಇನ್ನೂ ಇತ್ತು. ಎನಿಡ್ ಹೊರಗೆ ಹೋಗಿ ಗೋಪುರದ ಉಕ್ಕಿನ ಕಾಲನ್ನು ಹಿಡಿದುಕೊಂಡು ಕಡಲಿನ ಕಡೆ ನೋಡುತ್ತ ನಿಂತಳು. ಒಳಗೆ ಬಂದಾಗ ಅವರಿಬ್ಬರಿಗೂ, ಹೊರಗೆ ಒಂದಕ್ಷರ ಆಡಿದರೆ ಜೈಲು ಎಂಬುದನ್ನು ಮತ್ತೊಮ್ಮೆ ನೆನಪಿಸಲಾಯಿತು.

* * *

ಪಾತ್ರೆ ತೊಳೆಯುವ ಕೋಣೆಯ ಬಾಗಿಲನ್ನು ಮ್ಯೂರಿಯಲ್ ಮುಂದಕ್ಕೆ ಎಳೆದಳಾದರೂ ಅದು ಪೂರ್ತಿ ಮುಚ್ಚಲಿಲ್ಲ. ಆಚೆ ನಿಂತ ನನಗೆ ಎಲ್ಲವೂ ಕೇಳಿಸಿತು.

"ನಿಮ್ಮ ತಂದೆಗೆ ಫೋನ್ ಬಂದಿದ್ದು ನಿಜ, ಮಿಸ್ಟರ್ ಥರ್ಟಲ್. ದೋಣಿ ಇಳಿಸಬೇಡ, ಕಡಲಲ್ಲಿ ಯಾರೂ ಇಲ್ಲ, ವಿಮಾನ ನೆಲದ ಮೇಲೆ ಬಿದ್ದಿದೆ ಅಂತ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆ ಸುದ್ದಿ ಹೊರಟಿದ್ದು ನಮ್ಮ ಗುಡಿಸಲಿನಿಂದ. ನೋಡಿದ್ದು ಎನಿಡ್. ಹೇಳಿದ್ದು ನಾನು. ತಪ್ಪಾಗಿತ್ತು."

"ಯಾರಿಗೆ ಹೇಳ್ತಿದೀರಿ ನೀವು ಇದನ್ನ?" ಎಂದ ಪರ್ಸಿ. ಅವನ ದನಿ ಸಣ್ಣದಾಗಿತ್ತು. "ನಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತು ಕಣಮ್ಮ."

"ಗೊತ್ತು."

"ಫೋನ್ ಬಂತು, ಫೋನ್ ಬಂತು ಅಂತ ಊರೆಲ್ಲ ಸುತ್ತಿ ಹೇಳ್ದ. ಯಾವ ಫೋನು ಅಂತ ವಿಚಾರಿಸಿದ್ರೆ ಅಧಿಕಾರಿಗಳು, ಅಂಥದ್ದೇನೂ ನಮಗೆ ಗೊತ್ತಿಲ್ಲ ಅಂದ್ರು. ನಾನು... ನಾನು ರಜದ ಮೇಲೆ ಬಂದಾಗ ಅವನ ಮುಖಕ್ಕೇ ಅಂದೆ. ಹೆದರಿಕೊಂಡೆ ಅಂತ ಒಪ್ಕೋ ಅಪ್ಪ, ಸುಳ್ಳು ಬೇಡ ಅಂದೆ."

ಮ್ಯೂರಿಯಲ್ ಕೈಗವಸಿನ ಬೆರಳ ತುದಿಯನ್ನು ಎಳೆಯುತ್ತ ನಿಂತಳು.

"ಹೋದ ತಿಂಗಳು ಎನಿಡ್ ನನ್ನನ್ನ ಆಸ್ಪತ್ರೆಗೆ ಕರೆಸಿಕೊಂಡಳು. ಪರ್ಸಿ ನನ್ನನ್ನ ದಂಡೆ ಮೇಲೆ ಒಯ್ಯಬೇಕು ಅಂತಾನೆ, ಗೊತ್ತಿಲ್ಲದೆ ಅವನು ಹೊರಬಾರದು, ಅಷ್ಟರೊಳಗೆ ಹೇಳಿಬಿಡು ಅಂದಳು. ನೀನೇ ಹೇಳು ಅಂದೆ. ಮುಖ ನೋಡಿ ಹೇಳೋಕಾಗಲ್ಲ ಅಂದಳು."

"ಹೇಳಬಹುದು ಅಂತ ಸರ್ಕಾರ ಬಿಟ್ಟು ಎಷ್ಟು ವರ್ಷ ಆಯ್ತು?"

"ಬಹಳ ವರ್ಷ."

"ಬಹಳ ವರ್ಷ," ಎಂದ ಪರ್ಸಿ. "ವಾರಕ್ಕೆ ಮೂರು ಸಲ ನನ್ನ ಒಲೆ ಮುಂದೆ ಕೂತು ಚಹಾ ಕುಡೀತಿದ್ದಳು. ಎರಡು ಸಲ ಕೇಳ್ದೆ, ಮದುವೆ ಆಗು ಅಂತ. ಹೇಡಿಯ ಮಗನಿಗೆ ಯಾರು ಬರ್ತಾರೆ ಅಂತ ನಾನೇ ಸಮಾಧಾನ ಮಾಡ್ಕೊಂಡೆ."

"ಅವಳು ಒಲ್ಲೆ ಅಂದಿದ್ದು ಅದಕ್ಕಲ್ಲ."

"ಅದು ಈಗ ಗೊತ್ತಾಯ್ತಲ್ಲ!" ಎಂದು ಅವನು ಅರಚಿದ. ಮುಂದಿನ ಕೋಣೆಯಲ್ಲಿ ಬಟ್ಟಲುಗಳ ಸದ್ದು ಥಟ್ಟನೆ ನಿಂತಿತು.

ಆಗ್ನೆಸ್ ಬಾಗಿಲ ಸಂದಿಯಿಂದ ಮುಖ ಹಾಕಿದಳು. "ನೀರು ಇಳೀತು, ಪರ್ಸಿ. ಜೇಬ್ ಕರೀತಿದಾನೆ. ಏನಾಯ್ತು?"

"ಏನಿಲ್ಲ," ಎಂದ ಪರ್ಸಿ. "ಮಿಸ್ ಟಾಡ್ ನಮ್ಮ ಜೊತೆ ನಡೀತಾರೆ. ಮುಂದೆ. ನನ್ನ ಪಕ್ಕ."

* * *

ಯುದ್ಧ ಮುಗಿದ ಮೇಲೆ ಎನಿಡ್ ತನ್ನ ಊರಿಗೆ ಮರಳಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದು ಆರ್ಲ್‌ನೆಸ್‌ನಲ್ಲೇ ನಿಂತಳು. ಎಬೆನ್ ಥರ್ಟಲ್ ದೋಣಿಯ ತಂಡೇಲತನ ಬಿಟ್ಟು, ಬಲೆ ಬಿಟ್ಟು, ಕೊನೆಗೆ ಮನೆಯ ಹೊಸ್ತಿಲು ದಾಟುವುದನ್ನೂ ಬಿಟ್ಟಿದ್ದ. ಮಗ ಹಡಗಿನ ಕೆಲಸದಲ್ಲಿ ದೂರವಿದ್ದ. ಮುದುಕನಿಗೆ ಗಂಜಿ ಕಾಯಿಸಲು, ಗಡ್ಡ ಹೆರೆಯಲು ಹೋಗತೊಡಗಿದವಳು ಎನಿಡ್. ಆ ದಿನಗಳನ್ನು ಅವಳು ಮ್ಯೂರಿಯಲ್‌ಗೆ ಮಾತ್ರ ಹೇಳಿಕೊಂಡಿದ್ದಳು. ಮ್ಯೂರಿಯಲ್ ಆಮೇಲೆ ನನಗೆ ಹೇಳಿದಳು.

ಅವನ ಕೊನೆಯ ಚಳಿಗಾಲ. ಗಲ್ಲಕ್ಕೆ ಸೋಪಿನ ನೊರೆ ಹಚ್ಚುತ್ತಿದ್ದಾಗ ಕಡಲ ಕಡೆಯಿಂದ ಉದ್ದ ಕೊಕ್ಕಿನ ಹಕ್ಕಿಯೊಂದು ಸಿಳ್ಳೆ ಹಾಕಿತು. ಮುದುಕ ಅವಳ ಮಣಿಕಟ್ಟನ್ನು ಹಿಡಿದುಕೊಂಡ.

"ಅದೇನು?"

"ಹಕ್ಕಿ, ಮಿಸ್ಟರ್ ಥರ್ಟಲ್."

"ಹಕ್ಕಿ ಅಂತಲೇ ಅಂದ್ರು ಅವ್ರು. ಎಲ್ರೂ. ನಾನು ಮನುಷ್ಯರು ಅಂದೆ. ಫೋನ್ ಮಾಡಿ ಮತ್ತೆ ಕೇಳ್ದೆ, ಸೀಟಿ ಕೇಳ್ತಿದೆ ಸ್ವಾಮಿ, ದೋಣಿ ಇಳಿಸಲಾ ಅಂತ. ಯಾರೂ ಇಲ್ಲ, ಅಲ್ಲೆಲ್ಲ ನೀರೊಳಗೆ ಸಿಡಿಗುಂಡು ಹಾಕಿದೆ, ಇಳಿಸಿದ್ರೆ ನಿನ್ನ ಹುಡುಗರನ್ನ ನೀನೇ ಕೊಂದ ಹಾಗೆ ಅಂದ್ರು." ಅವನ ಕಣ್ಣಲ್ಲಿ ನೀರಾಡಿತು. "ಫೋನ್ ಬಂದಿತ್ತು ಮಗಳೇ. ದೇವರಾಣೆ ಬಂದಿತ್ತು."

"ನಾನು ನಂಬ್ತೀನಿ."

"ನೀನೊಬ್ಬಳೇ ನಂಬೋದು. ಯಾಕೆ ನಂಬ್ತೀಯೇ ನೀನು?"

ಕತ್ತಿ ಅವಳ ಕೈಯಲ್ಲಿತ್ತು. ಅದನ್ನು ಬಿಸಿನೀರಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಮತ್ತೆ ಅದ್ದಿದಳು.

"ಅಲ್ಲಾಡಬೇಡಿ," ಎಂದಳು. "ಕೊಯ್ದುಬಿಡುತ್ತೆ."

* * *

ದೋಣಿಮನೆಯ ಮುಂದೆ ದಾರಿ ಕವಲಾಗುತ್ತದೆ. ಎಡಕ್ಕೆ ಇಳಿದರೆ ದಂಡೆ, ಬಲಕ್ಕೆ ತಿರುಗಿದರೆ ಜವುಗು. ದೋಣಿಯವರು ನೀಲಿ ಉಣ್ಣೆಯ ಅಂಗಿ, ತೊಡೆಯವರೆಗಿನ ಬೂಟು ತೊಟ್ಟಿದ್ದರು. ನೀರು ದೂರ ಸರಿದಿತ್ತು. ಒದ್ದೆ ಮರಳು ಬೂದುಬಣ್ಣಕ್ಕೆ ಹೊಳೆಯುತ್ತಿತ್ತು.

"ಇಳಿಸಿ," ಎಂದ ಪರ್ಸಿ.

"ಇಲ್ಲೇನಾ? ಪಾದ್ರಿಗಳು ಅಲ್ಲಿ ಕಾಯ್ತಾ ಇದಾರೆ ಮಾರಾಯ."

"ಇಳಿಸು ಜೇಬ್."

ದೋಣಿ ಜಾರಿಸುವ ದಿಮ್ಮಿಗಳ ಮೇಲೆ ಪೆಟ್ಟಿಗೆಯನ್ನು ಇಳಿಸಿದೆವು. ಪರ್ಸಿ ಮ್ಯೂರಿಯಲ್ ಕಡೆ ತಿರುಗಿದ. "ನನಗೆ ಹೇಳಿದ್ದನ್ನ ಇವರಿಗೂ ಹೇಳಿ."

ಅವಳು ಹೇಳಿದಳು. ಅಲಂಕಾರವಿಲ್ಲದೆ, ಅಳದೆ, ಸುದ್ದಿ ಒಪ್ಪಿಸುವವಳ ಹಾಗೆ ಹೇಳಿದಳು. ಗೋಪುರಗಳ ಕಾಂಕ್ರೀಟು ಬುಡಗಳು ಇದ್ದ ಕಡೆಗೆ ಯಾರೋ ಒಬ್ಬರು ನೋಡಿದರು. ಉಳಿದವರು ಪೆಟ್ಟಿಗೆಯನ್ನೇ ನೋಡಿದರು.

ಮೊದಲು ಬಾಯಿಬಿಟ್ಟವನು ಜೇಬ್. "ಅಂದ್ರೆ ಆ ಹುಡುಗರನ್ನ ಸಾಯಿಸಿದೋಳು ಈಕೆ. ಇವಳನ್ನ ನಾವು ದಂಡೆ ಮೇಲೆ ಹೊರಬೇಕಾ? ನಲವತ್ತು ವರ್ಷ ನಮಗೆ ಚಹಾ ಕುಡಿಸಿ—"

"ನಿಮ್ಮಪ್ಪ ಏನಂದ ಅವತ್ತು?" ಎಂದ ಪರ್ಸಿ.

"ಏನು?"

"ನಿಮ್ಮಪ್ಪ ದೋಣೀಲಿ ಇದ್ದೋನಲ್ವಾ? ಇಲ್ಲೇ, ಈ ದಿಮ್ಮಿ ಹತ್ರ ನಿಂತಿದ್ದೋನು. ಸೀಟಿ ಕೇಳಿದಾಗ ಏನಂದ?"

ಜೇಬ್ ಟೊಪ್ಪಿಗೆಯನ್ನು ಸರಿಪಡಿಸಿಕೊಂಡ. ಮತ್ತೆ ತೆಗೆದ.

"ಹೇಳು. ಕುಡಿದಾಗೆಲ್ಲ ಅವನು ನಿನಗೆ ಹೇಳಿರ್ತಾನೆ. ಹೇಳದೆ ಸತ್ತಿರಲ್ಲ."

"ಹಕ್ಕಿ ಅಂದ," ಎಂದ ಜೇಬ್.

"ನಮ್ಮಪ್ಪ?"

"ಮನುಷ್ಯರು ಅಂದ." ಜೇಬ್ ನೆಲ ನೋಡುತ್ತ ಮುಂದುವರಿಸಿದ. "ಹಕ್ಕಿ ಅಂದೋರು ಎಲ್ರೂ. ಮನುಷ್ಯರು ಅಂದೋನು ಅವನೊಬ್ಬ. ಬೆಳಿಗ್ಗೆ ಹೆಣ ನೋಡಿದ ಮೇಲೆ... ಯಾರೋ ಒಬ್ಬನ ಮೇಲೆ ಹಾಕಬೇಕಿತ್ತು, ಪರ್ಸಿ. ತಂಡೇಲ ಅವನೇ ಅಲ್ವಾ?"

"ಗೊತ್ತಿದ್ದೂ ಹೆಗಲು ಕೊಡಲಿಲ್ಲ."

"ಆಗ ನಾನು ಚಿಕ್ಕೋನು ಕಣೋ."

"ಆಮೇಲೆ ದೊಡ್ಡೋನಾದೆ."

ಆಗ್ನೆಸ್ ಮಧ್ಯೆ ಬಂದಳು. "ಹೆಣ ಚಳೀಲಿ ಬಿಟ್ಟು ಜಗಳ ಆಡ್ತೀರಲ್ರೋ! ನೀರು ಮತ್ತೆ ಏರೋಕೆ ಮುಂಚೆ ಏನಾದ್ರೂ ಒಂದು ತೀರ್ಮಾನ ಮಾಡಿ."

ಪರ್ಸಿ ಬಹಳ ಹೊತ್ತು ದಂಡೆಯನ್ನು ನೋಡಿದ. ಅವನು ಹಟ ಹಿಡಿದು ಸಂಪಾದಿಸಿದ ದಾರಿ ಅದು. ಖಾಲಿಯಾಗಿ, ಗಟ್ಟಿಯಾಗಿ, ಚರ್ಚಿನವರೆಗೆ ನೇರವಾಗಿ ಬಿದ್ದುಕೊಂಡಿತ್ತು.

"ಜವುಗಿನ ಮೇಲೆ ಹೋಗ್ಲಿ," ಎಂದ. "ನಮ್ಮಪ್ಪ ಹೋದ ಕಡೆಯಿಂದಲೇ ಹೋಗ್ಲಿ."

"ಶಿಕ್ಷೆ ಅಂತಲಾ?" ಎಂದು ಮ್ಯೂರಿಯಲ್ ಮೆಲ್ಲಗೆ ಕೇಳಿದಳು.

"ನನಗೇನು ಗೊತ್ತು? ಇವಳಿಗೆ ಶಿಕ್ಷೆ ಕೊಡೋಕೆ ನಾನ್ಯಾರು? ಅವನನ್ನ ನಂಬಿದೋಳು ಇವಳೊಬ್ಬಳು. ಅವನ ಹೆಸರು ನುಂಗಿದೋಳೂ ಇವಳೇ." ಅವನು ಬಗ್ಗಿ ತನ್ನ ಮೂಲೆಯನ್ನು ಎತ್ತಿದ. "ದೋಣಿಯವರು ಜವುಗಿನ ದಾರಿ ತುಳಿಯಲ್ಲ ಅಂತ ಪದ್ಧತಿ ಇದೆ. ಬೇಡದೋರು ದಂಡೆ ಮೇಲೆ ನಡೀರಿ. ನಾನು ಬೇಡ ಅನ್ನಲ್ಲ."

ಒಂದೇ ಮೂಲೆ ಮೇಲೆದ್ದ ಪೆಟ್ಟಿಗೆ ಓರೆಯಾಗಿ ನಿಂತಿತು. ಒಳಗೆ ಏನೋ ಸರಿದ ಸದ್ದಾಯಿತು. ಆಗ್ನೆಸ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಹಿಂಭಾಗಕ್ಕೆ ಕೈ ಹಾಕಿದೆ. ಆದರೆ ಬಾಡಿಗೆಯವನೊಬ್ಬ ಕೈ ಹಾಕಿದರೆ ಏನಾದೀತು?

ಜೇಬ್ ಸ್ಮೈ ಟೊಪ್ಪಿಗೆಯನ್ನು ಕಿಸೆಗೆ ತುರುಕಿದ. ಪರ್ಸಿಯ ಪಕ್ಕಕ್ಕೆ ಬಂದು, ಅವನ ಮುಖ ನೋಡದೆ, ಹೆಗಲು ಕೊಟ್ಟ. ಆಮೇಲೆ ಉಳಿದವರು ಬಂದರು.

ಹೀಗೆ ಆರ್ಲ್‌ನೆಸ್‌ನ ದೋಣಿಯವರು, ಅವರ ತಂದೆಯರು ತುಳಿಯದೆ ಬಿಟ್ಟ ದಾರಿಯನ್ನು ಕಡಲ ಬೂಟುಗಳಲ್ಲಿ ತುಳಿದರು. ಕೆಸರು ಮೊಣಕಾಲಿನವರೆಗೆ ಹತ್ತಿತು. ಬೂಟುಗಳ ಮಡಿಕೆಗಳಲ್ಲಿ ಸೇರಿದ್ದ ನುಣುಗಲ್ಲುಗಳು ಒಂದೊಂದಾಗಿ ದಾರಿಯ ಮೇಲೆ ಉದುರಿದವು. ಕಡಲು ಎಲ್ಲರ ಬೆನ್ನಿಗಿತ್ತು.

ಅರ್ಧ ದಾರಿಯಲ್ಲಿ, ಹಿಂದಿನಿಂದ, ದಂಡೆಯ ಕಡೆಯಿಂದ ಸಿಳ್ಳೆಯೊಂದು ಕೇಳಿತು. ಉದ್ದವಾಗಿ ಒಂದು, ತಡೆದು ಇನ್ನೊಂದು. ಆ ತೀರದಲ್ಲಿ ದಿನವೂ ಕೇಳುವ ಸಿಳ್ಳೆಯೇ ಅದು.

ಪರ್ಸಿ ನಿಂತ. ಜೇಬ್ ನಿಂತ. ಹೆಗಲ ಮೇಲೆ ಪೆಟ್ಟಿಗೆಯನ್ನು ಹೊತ್ತಂತೆಯೇ, ಯಾರೂ ಹೇಳದಿದ್ದರೂ, ಆ ಸಾಲಿನಲ್ಲಿದ್ದ ಪ್ರತಿಯೊಬ್ಬನೂ ಕತ್ತು ಹೊರಳಿಸಿ ಕಡಲಿನ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಬಹಳ ಹೊತ್ತಿನವರೆಗೆ ಒಬ್ಬನೂ "ಹಕ್ಕಿ" ಎನ್ನಲಿಲ್ಲ.

* * *

ಮಣ್ಣು ಮುಚ್ಚಿ ಬಂದ ಮೇಲೆ ನಾನು ಗಂಟು ಕಟ್ಟಿದೆ. ಮನೆಯೊಡತಿ ಇಲ್ಲದ ಮನೆಯಲ್ಲಿ ಬಾಡಿಗೆಯವನಿಗೆ ಏನು ಕೆಲಸ? ದಕ್ಷಿಣದ ಬಂದರೊಂದರಲ್ಲಿ ದೋಣಿಗಳಿಗೆ ಟಾರು ಬಳಿಯುವವರು ಬೇಕೆಂದು ಕೇಳಿದ್ದೆ. ಎರಡು ಅಂಗಿ, ಕುಂಚಗಳು, ಹೊದಿಕೆ, ರಟ್ಟು ಹರಿದ ಕಾದಂಬರಿಗಳೆಲ್ಲ ಚೀಲಕ್ಕೆ ಸೇರಿದವು.

ಚೀಲವನ್ನು ಹೆಗಲಿಗೇರಿಸಿದಾಗ ಕೋಣೆ ಬೆಚ್ಚಗಿರುವುದು ಗಮನಕ್ಕೆ ಬಂತು. ಆಗ್ನೆಸ್ ಕೋಣೆ ಗುಡಿಸುವಾಗ ಬೆಣೆಯನ್ನು ತೆಗೆದು ಕಿಟಕಿ ಮುಚ್ಚಿದ್ದಳು. ಬೆಣೆ ಕಸದ ಮೊರದಲ್ಲಿತ್ತು, ವರ್ಷಗಟ್ಟಲೆ ಕೈಯಾಡಿ ನುಣುಪಾಗಿತ್ತು.

ಅದನ್ನು ಆಯ್ದುಕೊಂಡು ಕಿಟಕಿಯನ್ನು ಮೇಲೆತ್ತಿ, ಅದು ಇದ್ದ ಜಾಗದಲ್ಲೇ ಸಿಕ್ಕಿಸಿದೆ. ಚಳಿಗಾಳಿಯೂ ಕಡಲ ಸದ್ದೂ ಒಳಗೆ ಬಂದವು. ಆಮೇಲೆ ಬಾಗಿಲನ್ನು ಎಳೆದುಕೊಂಡು, ನುಣುಗಲ್ಲುಗಳು ಬಿದ್ದಿದ್ದ ಜವುಗಿನ ದಾರಿ ಹಿಡಿದು ಹೊರಟೆ.